ಹೆಸರು ಹೇಳದೆ ಹೋದ ನಿಮಗೆ

ನನ್ನ ಕಂಪ್ಯೂಟರಿನ ಮುಂದೆ ಎರಡು ಗಂಟೆ ಕುಳಿತು, ಹೆಸರನ್ನೂ ಹೇಳದೆ ಎದ್ದು ಹೋದಿರಿ. ಕೃತಜ್ಞತೆ ತಿಳಿಸಲು ನನಗೆ ಉಳಿದಿರುವುದು ಈ ಬರಹ ಮಾತ್ರ.

ಡೆಸ್ಕ್‌ಟಾಪ್ ಕೂಡ ಒಂದು ಫೋಲ್ಡರ್ ಎಂಬುದೇ ನನಗೆ ಗೊತ್ತಿರಲಿಲ್ಲ. ಕಡತಕ್ಕೆ ದಾರಿ ತೋರಿಸುವ ಕೊಂಡಿಯಷ್ಟೇ ಆದ ಶಾರ್ಟ್‌ಕಟ್ಟನ್ನು ಪೆನ್‌ಡ್ರೈವಿಗೆ ನಕಲಿಸಿದರೆ ಮೂಲ ಕಡತ ಜೊತೆಗೆ ಬರುವುದಿಲ್ಲ ಎಂದು ತೋರಿಸಿಕೊಟ್ಟಿರಿ. ವರ್ಷಗಳಿಂದ ಕಾಡಿದ್ದ ಒಗಟು ಅದು! ಫೋಟೊಗಳ ಹೆಸರನ್ನು 2024-03-15 ಎಂಬಂತೆ ವರ್ಷದಿಂದ ಆರಂಭಿಸಿದರೆ ಅವು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ದಿನದಿಂದ ಆರಂಭಿಸಿದರೆ ಎಲ್ಲ ತಿಂಗಳುಗಳ 15ನೇ ತಾರೀಖು ಒಂದೆಡೆ ಗುಂಪುಗೂಡುತ್ತದೆ. ತಂದೆಯವರ ಫೋಟೊಗಳನ್ನೆಲ್ಲ ನೀವು ಹೇಳಿದಂತೆಯೇ ಜೋಡಿಸಿದ್ದೇನೆ.

ರೀಸೈಕಲ್ ಬಿನ್ ಖಾಲಿ ಮಾಡದೆ ಡಿಸ್ಕಿನಲ್ಲಿ ಜಾಗ ತೆರವಾಗದು, ತಿರುಗುವ ಭಾಗಗಳಿಲ್ಲದ ಡಿಸ್ಕಾದ ಎಸ್‌ಎಸ್‌ಡಿಗೆ ಡಿಫ್ರ್ಯಾಗ್ (ಚದುರಿದ ಕಡತದ ತುಣುಕುಗಳನ್ನು ಒಟ್ಟುಗೂಡಿಸುವ ಕೆಲಸ) ಬೇಕಿಲ್ಲ ಎಂಬುದನ್ನೆಲ್ಲ ಬೇಗನೆ ಹೇಳಿ ಮುಗಿಸಿದಿರಿ. ಬ್ಯಾಕಪ್ ವಿಷಯದಲ್ಲಿ ಮಾತ್ರ ಪಟ್ಟು ಬಿಡಲಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಒಂದೇ ಡಿಸ್ಕಿನ ಇನ್ನೊಂದು ಭಾಗದಲ್ಲಿಟ್ಟ ನಕಲನ್ನು ನಾನು ಬ್ಯಾಕಪ್ ಎಂದು ನಂಬಿದ್ದೆ. ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ ಎಂದು ನೀವು ಎಷ್ಟು ತಾಳ್ಮೆಯಿಂದ ವಿವರಿಸಿದಿರಿ! ನಾನು ಎರಡು ಸಲ ಅದನ್ನೇ ಕೇಳಿದರೂ ಬೇಸರಿಸಲಿಲ್ಲ.

ಮೊನ್ನೆ ಡಿಸ್ಕ್ ಕೈಕೊಟ್ಟಿತು. ತಂದೆಯವರ ಒಂದು ಫೋಟೊವೂ ಹೋಗಲಿಲ್ಲ.