ಜರ್ಮನ್ನೋ ಜಪಾನೀಸೋ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ಫೋನಿನಲ್ಲಿ ಕೇಳಿದೆಯಲ್ಲ, "ಅಮ್ಮಾ, ಜರ್ಮನ್ ಸೇರಲಾ, ಜಪಾನೀಸ್ ಸೇರಲಾ? ಯಾವುದು ಸುಲಭ?" ಅಂತ. ಆಗ ಸುಮ್ನೆ "ನೋಡೋಣ" ಅಂದುಬಿಟ್ಟೆ. ಎರಡು ದಿನದಿಂದ ಅದೇ ತಲೆಯಲ್ಲಿ ಓಡುತ್ತಿದೆ. ಫೋನಿನಲ್ಲಿ ಹೇಳಲು ಹೋದರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಫ್ರೆಂಚ್ ಕಲಿತದ್ದು ನಿನಗೆ ಗೊತ್ತು. ಯಾಕೆ ಕಲಿತೆ ಅಂತ ಹೇಳಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಬ್ಬರು ಗೆಳತಿಯರು ಫ್ರೆಂಚ್ ಕ್ಲಾಸಿಗೆ ಹೊರಟರು, ನಾನೂ ಹೋದೆ. ಬೇರೆ ಕಾರಣ ಇರಲಿಲ್ಲ. ಎರಡು ವರ್ಷ ಕಷ್ಟಪಟ್ಟು ಓದಿದೆ. ಆದರೆ ನಮ್ಮ ವಿಭಾಗಕ್ಕೆ ಬರುತ್ತಿದ್ದ ಡ್ರಾಯಿಂಗ್‌ಗಳ ಮೇಲೆ ಇರುತ್ತಿದ್ದದ್ದು ಜಪಾನೀಸ್ ಬರಹ. ಮೀಟಿಂಗಿಗೆ ಬರುತ್ತಿದ್ದವರೂ ಜಪಾನಿನವರೇ. ನಮ್ಮ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಏನಾದರೂ ತೊಡಕು ಬಂದ ಕೂಡಲೇ ತಮ್ಮತಮ್ಮಲ್ಲಿ ಜಪಾನೀಸಿಗೆ ಹೊರಳುತ್ತಿದ್ದರು. ಹತ್ತು ನಿಮಿಷ ಆದಮೇಲೆ ನಮಗೆ ಸಿಗುತ್ತಿದ್ದದ್ದು ಒಂದೇ ಮಾತು: "ಈ ತಾರೀಕಿಗೆ ಆಗುವುದಿಲ್ಲ." ಯಾಕೆ ಆಗುವುದಿಲ್ಲ, ಯಾರು ಒಪ್ಪಲಿಲ್ಲ, ಏನು ಬದಲಾಯಿಸಿದರೆ ಆದೀತು, ಎಲ್ಲ ಆ ಹತ್ತು ನಿಮಿಷದಲ್ಲೇ ಇತ್ತು. ನಾನು ಅಲ್ಲೇ ಕೂತಿದ್ದೆ, ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಫ್ರೆಂಚ್ ಕಲಿತದ್ದಕ್ಕೆ ಬೇಜಾರಿಲ್ಲ ಪುಟ್ಟಿ. ಆ ಹತ್ತು ನಿಮಿಷಗಳು ಮಾತ್ರ ಇವತ್ತಿಗೂ ಮನಸ್ಸಿಗೆ ಚುಚ್ಚುತ್ತವೆ.

ಅದಕ್ಕೇ ಮೊದಲು ನಿನ್ನ ಕೆಲಸದ ಮೇಜನ್ನು ನೋಡು. ಮಷೀನ್ ಟೂಲ್, ಅಂದರೆ ಲೋಹ ಕತ್ತರಿಸಿ ರೂಪ ಕೊಡುವ ಯಂತ್ರಗಳ ಕಡೆ ಬೆಳೆಯಬೇಕು ಅಂತ ನಿನ್ನ ಆಸೆ. ಅಲ್ಲಿ ಯಂತ್ರವನ್ನು ನಡೆಸುವ ಕಂಟ್ರೋಲರ್ ಅಂದರೆ ಜಪಾನಿನ ಫಾನಕ್ ಕಂಪನಿಯದು ಸಿಗುತ್ತದೆ, ಜರ್ಮನಿಯ ಸೀಮೆನ್ಸ್ ಕಂಪನಿಯದು ಸಿಗುತ್ತದೆ. ಹಾಗಾಗಿ ನೀನು ಯೋಚಿಸಿದ ಎರಡೂ ಭಾಷೆ ಸರಿಯಾಗಿಯೇ ಇವೆ. ನಿನ್ನ ಚಿಕ್ಕಪ್ಪನ ಮಗಳಿಗೆ ಈ ಗೊಂದಲವೇ ಇರಲಿಲ್ಲ. ನರ್ಸ್ ಆಗಿ ಜರ್ಮನಿಗೆ ಹೋಗಬೇಕು ಅಂತ ತೀರ್ಮಾನಿಸಿದಳು, ಜರ್ಮನ್ ಕಲಿತಳು. ನಿನ್ನ ಮುಂದೆ ಎರಡು ದಾರಿ ಇವೆ, ಆರಿಸಬೇಕಾಗಿದೆ.

"ಯಾವುದು ಸುಲಭ" ಅನ್ನುವುದಕ್ಕೆ ನೀನು ಕಳಿಸಿದ ಪಟ್ಟಿ ನೋಡಿದೆ. ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವಾಗ ಹಾಕಿದ ಲೆಕ್ಕ ಅದು. ಜರ್ಮನ್‌ಗೆ ಸುಮಾರು 36 ವಾರ. ಜಪಾನೀಸ್, ಕೊರಿಯನ್, ಚೈನೀಸ್, ಅರೇಬಿಕ್‌ಗೆ 88 ವಾರ, ಅಂದರೆ 2200 ಗಂಟೆ ಪಾಠ. ನೋಡಿದರೆ ಯಾರಿಗಾದರೂ ಎದೆ ಧಸಕ್ಕನ್ನುತ್ತದೆ. ಆದರೆ ಆ ಲೆಕ್ಕ ಇಂಗ್ಲಿಷ್ ಮನೆಮಾತಿನವರಿಗೆ ಹಾಕಿದ್ದು. ನಿನ್ನ ಮನೆಮಾತು ಕನ್ನಡ. ಇದನ್ನು ನೀನು ಮರೆತೇಬಿಟ್ಟಿದ್ದೀಯ!

ಜಪಾನೀಸಿನಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ನಮ್ಮಲ್ಲಿ ಬಂದ ಹಾಗೇ. ಪ್ರತ್ಯಯ ಪದದ ನಂತರ ಬರುತ್ತದೆ. "ಓದಿದ ಪುಸ್ತಕ" ಅನ್ನಲು ಅವರು "ಯೊಂದ ಹೊನ್" ಅನ್ನುತ್ತಾರೆ, ಯೊಂದ ಅಂದರೆ ಓದಿದ, ಹೊನ್ ಅಂದರೆ ಪುಸ್ತಕ. "ಬರುತ್ತೇನೆ ಅಂತ ಹೇಳಿದ" ಅನ್ನುವುದು "ಕುರು ತೊ ಇತ್ತ". ಆ "ತೊ" ನಮ್ಮ "ಅಂತ" ಇರುವ ಜಾಗದಲ್ಲೇ ಕೂರುತ್ತದೆ. ನನಗೆ ಅತಿ ಸಂತೋಷ ಕೊಟ್ಟದ್ದು ಬೇರೆ. ನಾವು "ಮಾಡಿ ನೋಡು" ಅನ್ನುತ್ತೇವಲ್ಲ, ಅಲ್ಲಿ ಕಣ್ಣಿನ ನೋಟವೇನೂ ಇಲ್ಲ, ಪ್ರಯತ್ನಿಸು ಅಂತ ಅರ್ಥ. ಅವರೂ ಹಾಗೇ, "ಶಿತೆ ಮಿರು". ಮಿರು ಅಂದರೆ ನೋಡು! "ಬರೆದಿಡು" ಅನ್ನಲು "ಕಇತೆ ಒಕು", ಒಕು ಅಂದರೆ ಇಡು. ಪಳಪಳ ಹೊಳೆದರೆ "ಪಿಕಾಪಿಕಾ". ಅವರ ಅಕ್ಷರಮಾಲೆ ಅ, ಇ, ಉ, ಎ, ಒ ಅಂತ ಶುರುವಾಗಿ ಕ, ಸ, ತ, ನ ಅಂತ ಸಾಗುತ್ತದೆ. ಭಾರತದಿಂದ ಬೌದ್ಧಧರ್ಮದ ಜೊತೆ ಹೋದ ಸಿದ್ಧಂ ಲಿಪಿಯ ವರ್ಣಮಾಲೆಯ ಜಾಡು ಅದು. ಇಂಗ್ಲಿಷಿನವರು ತಿಂಗಳುಗಟ್ಟಲೆ ಒದ್ದಾಡುವ ಕಡೆ ನಿನಗೆ "ಓ, ಇದು ಗೊತ್ತು" ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ಬರೆದ ವ್ಯಾಕರಣ ಪುಸ್ತಕ ಓದುವಾಗಲೂ ಉದಾಹರಣೆಯನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೋ. ದಾರಿ ಅರ್ಧ ಸವೆಯುತ್ತದೆ.

ಕಷ್ಟ ಇಲ್ಲ ಅಂತ ಅಲ್ಲ. ಆ ಅಕ್ಷರಮಾಲೆಯ ಜೊತೆ ಅವರು ಬಳಸುವ, ಚೀನಾದಿಂದ ಬಂದ ಕಾಂಜಿ ಅಕ್ಷರಗಳು ನಿಜಕ್ಕೂ ಬೆಟ್ಟ. ದಿನಬಳಕೆಗೆ ಬೇಕು ಅಂತ ಅಲ್ಲಿನ ಸರ್ಕಾರವೇ ಗುರುತಿಸಿದ್ದು 2136, ಅದರಲ್ಲಿ ಎಷ್ಟೋ ಅಕ್ಷರಗಳಿಗೆ ಎರಡು ಮೂರು ಉಚ್ಚಾರಣೆ. ಅದಕ್ಕೆ ಕನ್ನಡ ಸಹಾಯಕ್ಕೆ ಬರುವುದಿಲ್ಲ, ದಿನಾ ಕೂತು ಬರೆಯಬೇಕು. ಆಫೀಸಿನಲ್ಲಿ ಇನ್ನೊಂದು ಕಷ್ಟ, ಗೌರವದ ಮಾತು. ನಾವು ನೀನು, ನೀವು ಅಂತ ಬದಲಾಯಿಸುತ್ತೇವೆ. ಅವರು ಕ್ರಿಯಾಪದವನ್ನೇ ಬದಲಾಯಿಸುತ್ತಾರೆ. ಹೇಳುವುದಕ್ಕೆ ಸಾಮಾನ್ಯ ಪದ "ಇಉ". ಗ್ರಾಹಕರು ಹೇಳಿದರೆ "ಒಶ್ಶರು", ಅವರ ಮುಂದೆ ನೀನು ಹೇಳಿದರೆ "ಮೋಸು".

ಜರ್ಮನ್ ಬೇರೆ ಥರ ಕಾಡುತ್ತದೆ. ಲಿಪಿ ಗೊತ್ತಿರುವುದೇ, ಮೊದಲ ತಿಂಗಳು ಬೇಗ ಬೇಗ ಹೋಗುತ್ತದೆ. ಆಮೇಲೆ ಲಿಂಗ ಬರುತ್ತದೆ. ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ! ನಮ್ಮ ಹಾಗೆ ಅರ್ಥ ನೋಡಿ ಲಿಂಗ ಹೇಳಲು ಆಗದು, ಪ್ರತಿ ಪದದ ಜೊತೆ ಬಾಯಿಪಾಠ ಮಾಡಲೇಬೇಕು.

ಕೊರಿಯನ್ ಸೀರಿಯಲ್ ನೋಡುತ್ತಾ ಆ ಭಾಷೆಯ ಮೇಲೂ ಆಸೆ ಬಂದಿದೆ ಅಂದೆ. ಕಲಿ, ಖುಷಿಗೆ ಕಲಿ. ಅದರ ವ್ಯಾಕರಣವೂ ನಮಗೆ ಹತ್ತಿರ. ಆದರೆ ಕೆಲಸದ ಭಾಷೆ ಒಂದು ಗಟ್ಟಿಯಾಗುವವರೆಗೆ ಅದನ್ನು ಪಕ್ಕಕ್ಕಿಡು.

ಯಾಕೆ ಅಂದರೆ ಎಷ್ಟು ದೂರ ಹೋಗುತ್ತೀಯ ಅನ್ನುವುದೇ ಇಲ್ಲಿ ಮುಖ್ಯ. ಯುರೋಪಿನ ಭಾಷೆಗಳಿಗೆ ಎ1ರಿಂದ ಸಿ2ರವರೆಗೆ ಆರು ಹಂತ. ಎ1ರಲ್ಲಿ ಹೆಸರು ಹೇಳಿ ಕ್ಷೇಮ ಕೇಳಬಹುದು. ನಿನ್ನ ಕ್ಷೇತ್ರದ ವಿಷಯ ಚರ್ಚಿಸಲು ಬಿ2 ಬೇಕು. ಮೂರು ಭಾಷೆಯ ಎ1 ಸರ್ಟಿಫಿಕೇಟ್ ರೆಸ್ಯುಮೆಯಲ್ಲಿ ಚೆನ್ನಾಗಿ ಕಾಣುತ್ತದೆ, ಮೀಟಿಂಗಿನಲ್ಲಿ ಬಾಯಿ ತೆರೆಸುವುದಿಲ್ಲ. ಜಪಾನೀಸಿಗೆ ಜೆಎಲ್‌ಪಿಟಿ ಅನ್ನುವ ಪರೀಕ್ಷೆ ಇದೆ, ಅದರಲ್ಲಿ ಎನ್5 ಕೆಳಗಿನ ಹಂತ, ಎನ್1 ಮೇಲಿನದು. ಎನ್2 ಗುರಿ ಇಟ್ಟುಕೋ. ಒಂದು ಎಚ್ಚರಿಕೆ: ಆ ಪರೀಕ್ಷೆಯಲ್ಲಿ ಮಾತಾಡಿಸುವುದೇ ಇಲ್ಲ. ಓದು, ಕೇಳು, ಉತ್ತರ ಗುರುತು ಮಾಡು, ಅಷ್ಟೇ. ಜರ್ಮನ್‌ಗೆ ಗೊಯಥೆ ಇನ್‌ಸ್ಟಿಟ್ಯೂಟ್ ನಡೆಸುವ ಪರೀಕ್ಷೆಯಲ್ಲಿ ಮಾತೂ ಇದೆ, ಬರವಣಿಗೆಯೂ ಇದೆ. ಜಪಾನೀಸ್ ಆರಿಸಿದರೆ ಮೊದಲ ತಿಂಗಳಿಂದಲೇ ಮಾತಾಡಲು ಯಾರನ್ನಾದರೂ ಹುಡುಕಿಕೋ.

"ಅನುವಾದಕ್ಕೆ ಆ್ಯಪ್ ಇದೆಯಲ್ಲಮ್ಮ" ಅಂತಲೂ ಅಂದೆ. ಇದೆ. ಮ್ಯಾನ್ಯುಯಲ್‌ಗೆ, ಮೇಲ್‌ಗೆ ಧಾರಾಳವಾಗಿ ಬಳಸು. ಆದರೆ ನಾನು ಹೇಳಿದ ಆ ಹತ್ತು ನಿಮಿಷದಲ್ಲಿ ನಾಲ್ಕು ಜನ ಒಟ್ಟಿಗೆ, ಅರ್ಧರ್ಧ ವಾಕ್ಯದಲ್ಲಿ ಮಾತಾಡುತ್ತಿರುತ್ತಾರೆ. ಅವರ ನಡುವೆ ಫೋನ್ ಹಿಡಿದು "ಇನ್ನೊಮ್ಮೆ ಹೇಳಿ" ಅನ್ನಲು ಆಗುತ್ತದಾ? ನೀನೇ ಒಂದು ಪ್ರಶ್ನೆ ಅವರ ಭಾಷೆಯಲ್ಲಿ ಕೇಳಿದರೆ, ತಪ್ಪುತಪ್ಪಾಗಿ ಕೇಳಿದರೂ, ಅವರು ನಿನ್ನ ಕಡೆ ತಿರುಗಿ ಕೂರುತ್ತಾರೆ.

ಈ ವಾರ ಒಂದು ಕೆಲಸ ಮಾಡು. ಐದು ವರ್ಷದ ಮೇಲೆ ನೀನು ಸೇರಬೇಕು ಅನ್ನಿಸುವಂಥ ಕೆಲಸದ 20 ಜಾಹೀರಾತು ತೆಗೆ. ಯಾವ ಭಾಷೆ, ಯಾವ ಹಂತ ಕೇಳಿದ್ದಾರೆ ಅಂತ ಬರೆದಿಡು. ನಿಮ್ಮ ತಂಡದ ಹಿರಿಯರನ್ನೂ ಕೇಳು, ತೊಂದರೆ ಬಂದಾಗ ಅವರು ಯಾವ ದೇಶಕ್ಕೆ ಫೋನ್ ಮಾಡುತ್ತಾರೆ ಅಂತ. ಎರಡೂ ಭಾಷೆ ಸಮ ಸಮ ಬಂದರೆ ಯಾವುದರ ಪುಸ್ತಕ ಕೈಯಲ್ಲಿ ಹಿಡಿದಾಗ ಇಡಲು ಮನಸ್ಸಾಗುವುದಿಲ್ಲವೋ ಅದನ್ನು ಆರಿಸು. ಎರಡು ಮೂರು ವರ್ಷ ಅದರ ಜೊತೆ ಇರಬೇಕಲ್ವಾ?

ಜಪಾನೀಸಿನ ಬಗ್ಗೆ ನಾನು ಜಾಸ್ತಿ ಬರೆದೆ, ಗೊತ್ತು. ಅದು ನನ್ನ ಆಸೆ, ಅದನ್ನು ನೋಡಿ ನೀನು ತೀರ್ಮಾನ ಮಾಡಬೇಡ. ಜರ್ಮನ್ ಆದರೆ ದಿನಾ ರಾತ್ರಿ ನಾನು ಪದಗಳನ್ನು ಕೇಳುತ್ತೇನೆ, ನೀನು ಬಾಯಿಪಾಠ ಒಪ್ಪಿಸು. ಜಪಾನೀಸ್ ಆದರೆ ಪುಸ್ತಕ ತರುವಾಗ ಎರಡು ತಾ. ಒಂದು ನನಗೆ.

ಭಾನುವಾರ ಫೋನ್ ಮಾಡು.

ನಿನ್ನ ಅಮ್ಮ