ಮೂರು ಹ್ಯಾಮ್ಲೆಟ್, ಒಂದೇ ದೃಶ್ಯ

ಮಾನ್ಯ ಸಂಪಾದಕರೇ,

ಶೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ಆಧರಿಸಿದ ಸಿನಿಮಾಗಳನ್ನು ಮೂಲನಿಷ್ಠೆಯೊಂದರಿಂದಲೇ ಅಳೆಯುವುದು ಸರಿಯಲ್ಲ. ಕೆನೆತ್ ಬ್ರಾನಾ 1996ರಲ್ಲಿ ಪೂರ್ಣ ಪಠ್ಯವನ್ನೇ ಉಳಿಸಿಕೊಂಡರು. ಚಿತ್ರ ನಾಲ್ಕು ಗಂಟೆ ಮುಟ್ಟಿತು. ಲಾರೆನ್ಸ್ ಒಲಿವಿಯರ್ 1948ರಲ್ಲಿ ಕೊನೆಗೆ ಡೆನ್ಮಾರ್ಕಿನ ಸಿಂಹಾಸನಕ್ಕೆ ಹಕ್ಕು ಸಾಧಿಸುವ ನಾರ್ವೆಯ ರಾಜಕುಮಾರ ಫಾರ್ಟಿನ್‌ಬ್ರಾಸ್‌ನ ಪಾತ್ರವನ್ನೇ ಕೈಬಿಟ್ಟರು. ಕಥೆ ಬಿಗಿಯಾಯಿತು, ಆದರೆ ರಾಜಕೀಯ ಸೊರಗಿ ಒಂದು ಮನೆತನದ ದುರಂತವಷ್ಟೇ ಉಳಿಯಿತು. ವಿಶಾಲ್ ಭಾರದ್ವಾಜ್ ಅವರ ‘ಹೈದರ್’ (2014) ಆ ರಾಜಕೀಯವನ್ನು 1995ರ ಕಾಶ್ಮೀರದಲ್ಲಿ ಮರಳಿ ಕಂಡುಕೊಂಡಿತು. ಹ್ಯಾಮ್ಲೆಟ್‌ನ ಏಕಾಂತದ ಸ್ವಗತ ಅಲ್ಲಿ ಶ್ರೀನಗರದ ಲಾಲ್ ಚೌಕದಲ್ಲಿ ನೆರೆದ ಜನರೆದುರಿನ ಮಾತಾಗುತ್ತದೆ. ಇಂದಿನ ಪ್ರೇಕ್ಷಕರನ್ನು ಹೆಚ್ಚು ತಟ್ಟುವುದು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಲೇಜುಗಳ ಚಿತ್ರಸಮಾಜಗಳು ಮೊದಲು ಚಿಕ್ಕಪ್ಪನ ಅಪರಾಧ ಬಯಲಿಗೆಳೆಯಲು ಹ್ಯಾಮ್ಲೆಟ್ ನಾಟಕವಾಡಿಸುವ ಮೂರನೇ ಅಂಕದ ಎರಡನೇ ದೃಶ್ಯವನ್ನು ಓದಿಸಿ, ಬಳಿಕ ಮೂರೂ ಚಿತ್ರಗಳಿಂದ ಆ ‘ನಾಟಕದೊಳಗಿನ ನಾಟಕ’ವನ್ನಷ್ಟೇ ಬೆನ್ನುಬೆನ್ನಿಗೆ ತೋರಿಸಲಿ.

– ಓರ್ವ ಓದುಗ, ಮೈಸೂರು