ಏಳು ಧರ್ಮ ಬೇಡ, ಮೂರು ಸಾಕು: ಯುವ ಲೇಖಕಿಗೊಂದು ಪತ್ರ

ನಲ್ಮೆಯ ತಂಗಿ,

ನಿನ್ನ ಕಾದಂಬರಿಯ ರೂಪುರೇಷೆ ಓದಿದೆ. ಹದಿನಾಲ್ಕು ವರ್ಷದ ಹುಡುಗಿ, ತೀರಿಹೋದ ಅಣ್ಣ, ಅವನ ನೋಟ್‌ಬುಕ್ಕಿನಲ್ಲಿ ಉಳಿದ ಏಳು ವಿಳಾಸ. ಒಂದೊಂದು ವಿಳಾಸಕ್ಕೆ ಒಂದೊಂದು ಧರ್ಮದ ಮನೆ, ಒಂದೊಂದು ಮನೆಯಲ್ಲಿ ‘ನಾಯಕನ ಪಯಣ’ ಎಂಬ ಕಥಾಚೌಕಟ್ಟಿನ ಒಂದೊಂದು ಹಂತ. ಹೈಸ್ಕೂಲು ಮಕ್ಕಳು ಕಥೆ ಓದುತ್ತಾ ಎರಡನ್ನೂ ಕಲಿಯಬೇಕು ಅನ್ನುವುದು ನಿನ್ನ ಆಸೆ. ಆಸೆ ಒಳ್ಳೆಯದು, ಹುಡುಗಿಯಲ್ಲೂ ಜೀವವಿದೆ. ತೊಡಕಿರುವುದು ಆ ಏಳರಲ್ಲಿ.

ಲೆಕ್ಕ ಹಾಕಿ ನೋಡು. ಈ ವಯಸ್ಸಿನ ಓದುಗರಿಗೆ 60,000 ಪದ ಸಾಕು. ಮನೆಬಿಟ್ಟು ಹೊರಡುವ ಭಾಗಕ್ಕೆ 12,000, ಮರಳಿ ಬರುವ ಭಾಗಕ್ಕೆ 12,000 ತೆಗೆದಿಟ್ಟರೆ ನಡುವೆ ಉಳಿಯುವುದು 36,000. ಏಳಕ್ಕೆ ಹಂಚಿದರೆ ಒಂದೊಂದು ಧರ್ಮಕ್ಕೆ ಐದು ಸಾವಿರ ಚಿಲ್ಲರೆ ಪದ. ಅಷ್ಟರಲ್ಲಿ ಹೊಸ ಮನೆ, ಹೊಸ ಜನ, ಅವರ ಆಚರಣೆ, ಹುಡುಗಿಯ ಕಷ್ಟ ಎಲ್ಲ ಬರಬೇಕು. ಬರುವುದಿಲ್ಲ. ಮನೆಯ ಹಿರಿಯರೊಬ್ಬರು ಕೂತು ತಮ್ಮ ಧರ್ಮದ ಪರಿಚಯ ಮಾಡಿಕೊಡುತ್ತಾರೆ, ಹುಡುಗಿ ತಲೆಯಾಡಿಸುತ್ತಾಳೆ, ಓದುವ ಮಗು ಪುಟ ಹಾರಿಸುತ್ತದೆ. ಮೂರನ್ನೇ ಇಟ್ಟುಕೊಂಡರೆ ಒಂದಕ್ಕೆ 12,000 ಪದ ಸಿಗುತ್ತದೆ. ಅಷ್ಟಿದ್ದರೆ ಒಂದು ಮನೆಯೊಳಗೆ ಜಗಳ ಹುಟ್ಟಿ, ಬೆಳೆದು, ಆರಲು ಜಾಗವಿರುತ್ತದೆ.

ಯಾವ ಮೂರು ಎಂದು ಕೇಳುತ್ತೀಯ. ಒಂದರಂತೆ ಇನ್ನೊಂದಿಲ್ಲದ ಮೂರು. ದೇವರು ಮನುಷ್ಯನನ್ನು ಹೆಸರು ಹಿಡಿದು ಕರೆಯುವ ಪರಂಪರೆ ಒಂದು. ಯೆಹೂದಿ ಧರ್ಮ ಅಂಥದ್ದು. ಕರೆಯುವ ದೇವರಿಲ್ಲದೆ ಮನುಷ್ಯ ತಾನೇ ದುಃಖದ ಬೇರು ಹುಡುಕಿ ಹೊರಡುವ ಪರಂಪರೆ ಇನ್ನೊಂದು, ಬೌದ್ಧ ಧರ್ಮ. ಹೊರಡುವುದೇ ಬೇಕೇ ಎಂದು ಕೇಳುವುದು ಮೂರನೆಯದು, ಚೀನಾದ ದಾವ್ ಪಂಥ. ಅದರ ಮೂಲಗ್ರಂಥ ‘ದಾವ್ ದೆ ಜಿಂಗ್’ನ 81 ಅಧ್ಯಾಯಗಳಲ್ಲಿ 47ನೆಯದು, ಬಾಗಿಲು ದಾಟದೆಯೂ ಲೋಕವನ್ನು ಅರಿಯಬಹುದು ಎನ್ನುತ್ತದೆ. ಪಯಣದ ಮೇಲೆ ನಿಂತ ಕಾದಂಬರಿಯೊಳಗೆ ಆ ಮಾತನ್ನು ನಿಜವಾಗಿ ನಂಬುವ ಒಬ್ಬ ಮನುಷ್ಯನನ್ನು ಕೂರಿಸು. ನಿನ್ನ ಹುಡುಗಿ ಅವನಿಗೆ ಏನು ಉತ್ತರ ಕೊಡುತ್ತಾಳೆ?

ಇನ್ನು ಚೌಕಟ್ಟು. ಪುರಾಣಗಳನ್ನು ಹೋಲಿಸಿ ನೋಡಿದ ಅಮೆರಿಕನ್ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಮುಂದಿಟ್ಟದ್ದು ಮೂರು ಭಾಗ, 17 ಹಂತ: ಹೊರಡುವುದು, ದೀಕ್ಷೆ, ಮರಳುವುದು. ಅದಕ್ಕೆ ನಲವತ್ತು ವರ್ಷ ಮೊದಲು, 1909ರಲ್ಲಿ, ಜನಾಂಗಶಾಸ್ತ್ರಜ್ಞ ಆರ್ನಾಲ್ಡ್ ವಾನ್ ಜೆನೆಪ್ ಹುಟ್ಟು, ಮದುವೆ, ಸಾವಿನ ಸಂಸ್ಕಾರಗಳಲ್ಲಿ ಇಂಥದೇ ಮೂರು ಮಜಲು ಗುರುತಿಸಿದ್ದರು: ಬೇರ್ಪಡುವುದು, ನಡುವೆ ಇರುವುದು, ಮತ್ತೆ ಸೇರುವುದು. ನಿನಗೆ ಈ ವಾನ್ ಜೆನೆಪ್ ವಿಚಾರವೇ ಹೆಚ್ಚು ಉಪಯೋಗ. ನಿನ್ನ ಹುಡುಗಿ ರಾಕ್ಷಸನನ್ನು ಕೊಲ್ಲಲು ಹೊರಟವಳಲ್ಲ, ಸಾವಿನ ಮನೆಯಿಂದ ಹೊರಟವಳು. ಹದಿನೇಳನ್ನೂ ತುರುಕಬೇಡ. ಕರೆ, ನಿರಾಕರಣೆ, ಹೊಸ್ತಿಲು, ಅಗ್ನಿಪರೀಕ್ಷೆ, ಮರಳುವಿಕೆ ಈ ಐದು ಸಾಕು. ಆ ಹೆಸರುಗಳೂ ಪಾತ್ರಗಳ ಬಾಯಲ್ಲಿ ಬರಬಾರದು.

ಈ ಚೌಕಟ್ಟು ಸಾಮ್ಯವನ್ನು ಹುಡುಕುತ್ತದೆ. ಎಲ್ಲ ಕಥೆಯೂ ಒಂದೇ ಕಥೆ ಎಂದು ಮಕ್ಕಳು ಪುಸ್ತಕ ಮುಚ್ಚಿದರೆ, ಅವರು ಚೌಕಟ್ಟನ್ನಷ್ಟೇ ಕಲಿತಿರುತ್ತಾರೆ, ಧರ್ಮವನ್ನಲ್ಲ. ಅದಕ್ಕೇ ಹೇಳುತ್ತೇನೆ, ಒಂದೇ ಹಂತವನ್ನು ಹಲವು ಪರಂಪರೆಗಳಲ್ಲಿ ಹಿಡಿದು ನೋಡು. ನಿರಾಕರಣೆಯನ್ನೇ ತಗೋ. ಬೈಬಲಿನ ವಿಮೋಚನಕಾಂಡದ 3 ಮತ್ತು 4ನೇ ಅಧ್ಯಾಯದಲ್ಲಿ, ತನ್ನ ಜನರನ್ನು ಐಗುಪ್ತದ (ಈಜಿಪ್ಟಿನ) ದಾಸ್ಯದಿಂದ ಬಿಡಿಸಲು ದೇವರು ಕರೆದಾಗ, ಮೋಶೆ ಐದು ಸಲ ಹಿಂಜರಿಯುತ್ತಾನೆ: ನಾನೆಷ್ಟರವನು, ನಿನ್ನ ಹೆಸರೇನೆಂದು ಹೇಳಲಿ, ಅವರು ನಂಬದಿದ್ದರೆ, ನನಗೆ ಮಾತು ಬಾರದು, ಬೇರೆ ಯಾರನ್ನಾದರೂ ಕಳಿಸು. ಐದನೆಯದಕ್ಕೆ ದೇವರಿಗೆ ಸಿಟ್ಟು ಬರುತ್ತದೆ, ಆದರೂ ಮಾತಾಡಲು ಅಣ್ಣ ಆರೋನನನ್ನು ಜೊತೆಗೆ ಕೊಡುತ್ತಾನೆ. ಅದೇ ಬೈಬಲಿನ ಪ್ರವಾದಿ ಯೋನ ವಾದಿಸುವುದೇ ಇಲ್ಲ. ದೇವರು ನಿನೆವೆ ಪಟ್ಟಣಕ್ಕೆ ಹೋಗೆಂದರೆ ಬೇರೆ ದಿಕ್ಕಿನ ತಾರ್ಷೀಷಿನ ಹಡಗು ಹತ್ತಿಬಿಡುತ್ತಾನೆ. ಅರ್ಜುನ ಬಿಲ್ಲು ಕೆಳಗಿಟ್ಟು ರಥದಲ್ಲೇ ಕೂರುತ್ತಾನೆ, ‘ನಾನು ಯುದ್ಧ ಮಾಡುವುದಿಲ್ಲ’ ಎನ್ನುತ್ತಾನೆ. ಅಲ್ಲಿಂದ ಹದಿನೆಂಟನೇ ಅಧ್ಯಾಯದಲ್ಲಿ ‘ನೀನು ಹೇಳಿದಂತೆ ಮಾಡುತ್ತೇನೆ’ ಎನ್ನುವವರೆಗೆ ರಥ ಒಂದು ಹೆಜ್ಜೆಯೂ ಸರಿಯುವುದಿಲ್ಲ. ಬುದ್ಧನ ಹಿಂಜರಿಕೆ ಬರುವುದು ಆರಂಭದಲ್ಲಿ ಅಲ್ಲ, ಜ್ಞಾನೋದಯದ ನಂತರ: ತಾನು ಕಂಡದ್ದು ಬಹಳ ಸೂಕ್ಷ್ಮ, ಯಾರಿಗೂ ತಿಳಿಯದು, ಬೋಧಿಸುವುದು ಬೇಡ ಎಂದುಕೊಂಡಾಗ ಬ್ರಹ್ಮ ಸಹಂಪತಿ ಎಂಬ ದೇವತೆ ಬಂದು, ಬೋಧಿಸೆಂದು ಬೇಡಿಕೊಳ್ಳುತ್ತಾನೆ. ಒಬ್ಬನದು ಅಂಜಿಕೆ, ಒಬ್ಬನದು ಓಟ, ಒಬ್ಬನದು ಧರ್ಮಸಂಕಟ, ಒಬ್ಬನದು ಲೋಕದ ಮೇಲಿನ ಸಂದೇಹ. ನಾಲ್ಕಕ್ಕೂ ‘ಕರೆಯ ನಿರಾಕರಣೆ’ ಎಂಬ ಒಂದೇ ಚೀಟಿ ಅಂಟಿಸಿದರೆ ಕಳೆದುಹೋಗುವುದೇನು ಎಂಬುದು ಓದುವ ಮಗುವಿಗೆ ತಾಗಬೇಕು. ನಿನ್ನ ಹುಡುಗಿಯ ನಿರಾಕರಣೆ ಇವರಲ್ಲಿ ಯಾರದಕ್ಕೆ ಹತ್ತಿರ? ಬರೆಯುವ ಮೊದಲು ಅದನ್ನು ತೀರ್ಮಾನಿಸು.

ಧರ್ಮವನ್ನು ಕಥೆಯೊಳಗೆ ತರುವ ದಾರಿ ಆಚರಣೆ. ಐಗುಪ್ತದಿಂದಾದ ಬಿಡುಗಡೆಯನ್ನು ಯೆಹೂದಿಗಳು ನೆನೆಯುವ ಪಸ್ಕ ಹಬ್ಬದ ರಾತ್ರಿಯ ಊಟ, ಸೆಡರ್, ನಿನ್ನ ಕಥೆಗೆ ಹೇಳಿ ಮಾಡಿಸಿದಂತಿದೆ. ನಿನ್ನ ಹುಡುಗಿ ಅತಿಥಿಯಾಗಿ ಬರುತ್ತಾಳೆ, ಕೈಯಲ್ಲಿ ಕೇಕಿನ ಡಬ್ಬಿ. ಆ ವಾರ ನೇಮದ ಮನೆಯಲ್ಲಿ ಹುಳಿ ಬಂದ ಹಿಟ್ಟಿನ ಚೂರೂ ಇರಕೂಡದು, ಮನೆಯನ್ನೆಲ್ಲ ಗುಡಿಸಿ ತೆಗೆದಿರುತ್ತಾರೆ. ಅಲ್ಲಿಗೆ ನಿನ್ನ ಹೊಸ್ತಿಲ ದೃಶ್ಯ ಸಿಕ್ಕಿತು: ಬಾಗಿಲಲ್ಲಿ ಕೇಕು ಹಿಡಿದು ನಿಂತ ಹುಡುಗಿ, ಅವಳನ್ನು ನೋಯಿಸದೆ ಒಳಗೆ ಕರೆದುಕೊಳ್ಳಬೇಕಾದ ಗೆಳತಿಯ ತಾಯಿ. ಮೇಜಿನ ಸುತ್ತ ಇರುವವರಲ್ಲಿ ಎಲ್ಲರಿಗಿಂತ ಚಿಕ್ಕವರು ‘ಈ ರಾತ್ರಿ ಬೇರೆ ರಾತ್ರಿಗಳಂತೆ ಏಕಿಲ್ಲ’ ಎಂದು ಶುರುವಾಗುವ ನಾಲ್ಕು ಪ್ರಶ್ನೆ ಕೇಳುವುದು ವಾಡಿಕೆ. ಅಣ್ಣ ಸತ್ತಾಗಿನಿಂದ ಯಾರನ್ನೂ ಏನೂ ಕೇಳದವಳು ಅಲ್ಲಿ ಎಲ್ಲರಿಗಿಂತ ಚಿಕ್ಕವಳಾಗಿರಲಿ. ಮೂರು ಹುಳಿಯಿಲ್ಲದ ರೊಟ್ಟಿಗಳಲ್ಲಿ ನಡುವಿನದನ್ನು ಮುರಿದು ಅರ್ಧ ಬಚ್ಚಿಡುತ್ತಾರೆ. ಐಗುಪ್ತದ ಹತ್ತು ಬಾಧೆಗಳ ಹೆಸರು ಹೇಳುತ್ತಾ ಬಟ್ಟಲಿನಿಂದ ಹತ್ತು ಹನಿ ದ್ರಾಕ್ಷಾರಸ ತೆಗೆಯುತ್ತಾರೆ. ಶತ್ರುವಿನ ನೋವಿನಿಂದ ನಮ್ಮ ಸಂತೋಷ ಅಷ್ಟು ಕಡಿಮೆಯಾಯಿತು ಎಂದು ಅದಕ್ಕೆ ಅರ್ಥ ಹೇಳುವುದುಂಟು. ಊಟವಾದ ಮೇಲೆ ಪ್ರವಾದಿ ಎಲೀಯನಿಗಾಗಿ ಬಾಗಿಲು ತೆರೆಯುತ್ತಾರೆ. ಅವನಿಗೆಂದು ತುಂಬಿಟ್ಟ ಬಟ್ಟಲನ್ನು ಯಾರೂ ಕುಡಿಯುವುದಿಲ್ಲ. ಬಾರದವನಿಗಾಗಿ ತುಂಬಿಟ್ಟ ಆ ಬಟ್ಟಲನ್ನು ಅವಳು ನೋಡಲಿ, ನೀನು ವಿವರಿಸಬೇಡ. ಇಂಥ ಅಧ್ಯಾಯದಲ್ಲಿ ನೇರ ವಿವರಣೆ ನೂರು ಪದ ಮೀರಿದರೆ ಕತ್ತರಿಸು.

ಆ ಮೇಜಿನಲ್ಲಿ ಎಲ್ಲರೂ ಒಂದೇ ಮಾತಾಡಕೂಡದು. ನೇಮವನ್ನು ಚಾಚೂ ತಪ್ಪದೆ ಪಾಲಿಸುವ ಅಜ್ಜ, ಹಾಡಿಗಷ್ಟೇ ಬರುವ ಮಗ, ದೇವರನ್ನು ನಂಬದಿದ್ದರೂ ಹಬ್ಬ ಬಿಡದ ಸೊಸೆ, ಎಲ್ಲರೂ ಆ ಧರ್ಮದವರೇ. ಒಂದು ಧರ್ಮಕ್ಕೆ ಒಬ್ಬನೇ ಪ್ರತಿನಿಧಿ ಇದ್ದರೆ ಅವನು ಸಂತನಾಗುತ್ತಾನೆ ಇಲ್ಲವೇ ಮತಾಂಧನಾಗುತ್ತಾನೆ. ಪ್ರತಿ ಪಾತ್ರಕ್ಕೂ ಧರ್ಮಕ್ಕೆ ಸಂಬಂಧವಿಲ್ಲದ ಒಂದು ಬಯಕೆ ಕೊಡು: ಮನೆ ಮಾರಬೇಕು, ಪರೀಕ್ಷೆ ಪಾಸಾಗಬೇಕು, ತಂಗಿಯ ಜೊತೆ ರಾಜಿಯಾಗಬೇಕು.

ಧರ್ಮಸ್ಥಾಪಕರನ್ನು ದೃಶ್ಯದೊಳಗೆ ತಂದು ಮಾತಾಡಿಸಬೇಡ, ಕನಸಿನಲ್ಲೂ ಬೇಡ. ಮುಂದೆ ಎಂದಾದರೂ ಇಸ್ಲಾಂ ಬಗ್ಗೆ ಬರೆದರೆ, ಪ್ರವಾದಿಯನ್ನು ಚಿತ್ರಿಸುವುದು ಬಹುಪಾಲು ಮುಸ್ಲಿಮರಿಗೆ ನೋವು ತರುತ್ತದೆ ಎಂಬುದು ನೆನಪಿರಲಿ. ಮೊದಲ ದೈವವಾಣಿ ಇಳಿದ ಹಿರಾ ಗುಹೆಯಿಂದ ಅವರು ನಡುಗುತ್ತಾ ಬಂದು, ಹೊದಿಸಿರೆಂದು ಪತ್ನಿ ಖದೀಜಾರನ್ನು ಕೇಳಿದ ಪ್ರಸಂಗವನ್ನು ಒಬ್ಬ ಅಜ್ಜಿ ಮೊಮ್ಮಗಳಿಗೆ ಹೇಳಲಿ. ನಂಬುವವರ ನೆನಪಿನಲ್ಲಿ ಆ ಕಥೆ ಹೇಗೆ ಬದುಕಿದೆ ಎನ್ನುವುದೇ ನಿನ್ನ ವಿಷಯ.

ಪಂಚಾಂಗದಲ್ಲಿ ಎಡವಬೇಡ. ಯೆಹೂದಿ ದಿನವೂ ಇಸ್ಲಾಮಿ ದಿನವೂ ಶುರುವಾಗುವುದು ಸೂರ್ಯಾಸ್ತಕ್ಕೆ. ಯೆಹೂದಿಗಳ ವಾರದ ವಿಶ್ರಾಂತಿ ದಿನ ಸಬ್ಬತ್ ಶುಕ್ರವಾರ ಸಂಜೆಯೇ ಬರುತ್ತದೆ. ಇಸ್ಲಾಮಿ ವರ್ಷ 354 ಅಥವಾ 355 ದಿನದ್ದು, ಅಧಿಕಮಾಸವಿಲ್ಲ, ಹಾಗಾಗಿ ರಂಜಾನ್ ಎಲ್ಲ ಋತುಗಳಲ್ಲೂ ಸುತ್ತುತ್ತದೆ. ಯೆಹೂದಿಗಳು 19 ವರ್ಷಕ್ಕೆ ಏಳು ಸಲ ಒಂದು ತಿಂಗಳು ಸೇರಿಸುತ್ತಾರೆ, ಆದ್ದರಿಂದ ಪಸ್ಕ ವಸಂತದಲ್ಲೇ ಉಳಿಯುತ್ತದೆ, ಅದೂ ಹುಣ್ಣಿಮೆಯ ಆಸುಪಾಸಿನಲ್ಲಿ. ನಿನ್ನ ರೂಪುರೇಷೆಯಲ್ಲಿ ಪಸ್ಕದ ರಾತ್ರಿ ಅಮಾವಾಸ್ಯೆಯ ಕತ್ತಲಿದೆ. ತಿದ್ದಿಕೋ.

ಮರಳುವ ಭಾಗವನ್ನು ಮೂರೇ ಪುಟದಲ್ಲಿ ಮುಗಿಸಿದ್ದೀಯ. ಮೊದಲೇ ಹೇಳಿದ 12,000 ಪದ ಅದಕ್ಕೆ ಬೇಕೇ ಬೇಕು. ಅವಳು ತಂದದ್ದು ಮನೆಯವರಿಗೆ ಬೇಡವಾಗಬಹುದು. ಅಮ್ಮ ಅಣ್ಣನ ಕೋಣೆಯ ಬೀಗ ತೆಗೆಯದೇ ಇರಬಹುದು. ಮೂರು ಮನೆಗಳಲ್ಲಿ ಕಂಡದ್ದರಲ್ಲಿ ಒಂದಾದರೂ ಅಲ್ಲಿ ಉಪಯೋಗಕ್ಕೆ ಬಾರದೆ ಹೋಗಲಿ. ಯೋನನ ಗ್ರಂಥ ದೇವರ ಒಂದು ಪ್ರಶ್ನೆಯಲ್ಲಿ ನಿಲ್ಲುತ್ತದೆ, ಯೋನನ ಉತ್ತರ ನಮಗೆ ಸಿಗುವುದಿಲ್ಲ. ಹಾಗೆ ನಿಲ್ಲಿಸುವ ಧೈರ್ಯ ನಿನಗೂ ಇರಲಿ.

ಕರಡು ಮುಗಿದ ಮೇಲೆ ಒಂದೊಂದು ಮನೆಯ ಭಾಗವನ್ನು ಆ ಧರ್ಮದ ಇಬ್ಬರಿಗೆ ಕೊಡು, ಒಬ್ಬರು ನೇಮದವರು, ಇನ್ನೊಬ್ಬರು ಸಡಿಲದವರು. ‘ತಪ್ಪಿದೆಯೇ’ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ‘ನಿಮ್ಮ ಮನೆಯಲ್ಲಿ ಇದು ಹೇಗೆ ನಡೆಯುತ್ತಿತ್ತು’ ಎಂದು ಕೇಳು. ನಿನ್ನ ಓದುಗರ ವಯಸ್ಸಿನ ಮೂವರಿಗೂ ಕೊಟ್ಟು, ಪುಟ ಹಾರಿಸಿದ ಕಡೆ ಪೆನ್ಸಿಲ್ ಗೆರೆ ಎಳೆಯಲು ಹೇಳು. ಶಿಕ್ಷಕರಿಗಾಗಿ ಕೊನೆಯಲ್ಲಿ ಕೊಡುವ ಪ್ರಶ್ನೆಗಳು ಎಂಟು ಸಾಕು, ಹಂತ ಗುರುತಿಸಿ ಎಂಬ ಪ್ರಶ್ನೆ ಅದರಲ್ಲಿ ಒಂದಕ್ಕಿಂತ ಹೆಚ್ಚು ಬೇಡ. ‘ಈ ಮನೆಯವರು ತಮ್ಮ ಬದುಕನ್ನು ಪಯಣ ಎಂದು ಕರೆಯುತ್ತಿದ್ದರೇ? ಇಲ್ಲವಾದರೆ ಏನೆನ್ನುತ್ತಿದ್ದರು? ಯಾವ ಪುಟ ನೋಡಿ ಹೇಳುತ್ತೀರಿ?’ ಎಂಬಂಥವು ಹೆಚ್ಚಿರಲಿ. ಮೊದಲು ಸೆಡರ್ ಅಧ್ಯಾಯ ಬರೆದು ಕಳಿಸು, ಉಳಿದದ್ದು ಆಮೇಲೆ ನೋಡೋಣ.

ಪ್ರೀತಿಯಿಂದ,
ನಿನ್ನ ಅಕ್ಕ